ಪ್ರಕ್ರಿಯಾ ನಕ್ಷೆಯ ಅಂಚು: ಮಲೆನಾಡಿನ ಎರಡು ಉದಾಹರಣೆಗಳ ವಿಮರ್ಶೆ

೧

ಶಾಸ್ತ್ರವೊಂದು ಬಲಿಯುತ್ತ ಬಂದಂತೆ ಅದಕ್ಕೆ ತನ್ನದೇ ಆದ ಲಿಪಿಯೊಂದು ಒದಗಿಬರುವುದುಂಟು. ಸಂಗೀತಕ್ಕೆ ಸ್ವರಲಿಪಿ, ರಸಾಯನ ಶಾಸ್ತ್ರಕ್ಕೆ ಸಮೀಕರಣ, ವಾಸ್ತುವಿಗೆ ತಲವಿನ್ಯಾಸ ಇರುವಂತೆ ರಾಸಾಯನಿಕ ಉತ್ಪಾದನೆಗೆ ಪ್ರಕ್ರಿಯಾ ನಕ್ಷೆ ಇದೆ. ಕಚ್ಚಾ ಪದಾರ್ಥವು ಎಲ್ಲಿ ಒಳಹೊಕ್ಕು, ಯಾವ ಯಾವ ಪಾತ್ರೆಗಳನ್ನು ಹಾಯ್ದು, ಎಲ್ಲಿ ಸಿದ್ಧವಸ್ತುವಾಗಿ ಹೊರಬೀಳುತ್ತದೆ ಎಂಬುದನ್ನು ಚೌಕಗಳಿಂದಲೂ ಬಾಣಗಳಿಂದಲೂ ತೋರಿಸುವುದು ಅದರ ಕೆಲಸ. ಅದರ ಮೇಲೆ ಕೊಳವೆ, ಕವಾಟ, ಮಾಪಕಗಳನ್ನು ಗುರುತಿಸಿದರೆ ಕೊಳವೆ ಮತ್ತು ಮಾಪಕಗಳ ನಕ್ಷೆ ಎಂಬ ಎರಡನೆಯ, ಹೆಚ್ಚು ವಿವರವಾದ ಬಗೆ ದೊರೆಯುತ್ತದೆ. ನಮ್ಮ ಕಾಲೇಜುಗಳಲ್ಲಿ ಈ ಎರಡನ್ನೂ ಬರೆಯಲು ಕಲಿಸುತ್ತೇವೆ, ಪರೀಕ್ಷೆಗಳಲ್ಲಿ ಬರೆಯಿಸುತ್ತೇವೆ, ಅಂದವಾಗಿ ಬರೆದವರಿಗೆ ಅಂಕ ಕೊಡುತ್ತೇವೆ. ಆದರೆ ಒಂದು ಪದ್ಯವನ್ನೋ ಶಾಸನವನ್ನೋ ಓದುವ ಎಚ್ಚರದಿಂದ ಅವುಗಳನ್ನು ಓದಲು ಕಲಿಸುತ್ತಿದ್ದೇವೆಯೇ ಎಂದು ಕೇಳಿಕೊಂಡರೆ ಉತ್ತರ ಸಮಾಧಾನಕರವಾಗಿಲ್ಲ. ನಕ್ಷೆಯೂ ಒಂದು ಪಠ್ಯ. ಅದಕ್ಕೂ ವ್ಯಾಕರಣವಿದೆ, ಅಭಿಪ್ರಾಯವಿದೆ, ಮೌನವಿದೆ. ಆ ಮೌನವನ್ನು ನಮ್ಮ ನೆರೆಯ ಎರಡು ಉದಾಹರಣೆಗಳಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳ ಪಲ್ಪರ್ ಮನೆಯದು ಮೊದಲನೆಯದು. ಅದೇ ಬೆಟ್ಟಸಾಲಿನ ಕುದುರೆಮುಖದ ಅದಿರು ಕಾರ್ಖಾನೆಯದು ಎರಡನೆಯದು.

ಈ ಲಿಪಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದು ಅನುಚಿತವಲ್ಲ. ಇಂಗ್ಲೆಂಡಿನ ಜಾರ್ಜ್ ಡೇವಿಸ್ ಎಂಬಾತನು ೧೯೦೧ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ರಾಸಾಯನಿಕ ಉದ್ಯಮಗಳನ್ನು ಸರಕಿಗೊಂದರಂತೆ ವರ್ಣಿಸದೆ, ಅವೆಲ್ಲಕ್ಕೂ ಸಾಮಾನ್ಯವಾದ ಕ್ರಿಯೆಗಳ ಮೂಲಕ ವಿವರಿಸಿದನು. ಅಮೆರಿಕದ ಆರ್ಥರ್ ಲಿಟ್ಲ್ ೧೯೧೫ರಲ್ಲಿ ಆ ಕ್ರಿಯೆಗಳಿಗೆ ಘಟಕ ಕ್ರಿಯೆಗಳೆಂಬ ಅರ್ಥದ ಹೆಸರನ್ನು ಕೊಟ್ಟನು. ಅರೆಯುವುದು, ತೊಳೆಯುವುದು, ಸೋಸುವುದು, ಬಟ್ಟಿ ಇಳಿಸುವುದು, ಒಣಗಿಸುವುದು ಇವೇ ಆ ಘಟಕಗಳು. ನಕ್ಷೆಯ ಒಂದೊಂದು ಚೌಕವೂ ಈ ವಿಚಾರದ ಕೂಸು. ೧೯೨೧ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಗಳು ಕೆಲಸದ ಹಂತಗಳನ್ನು ಸಂಕೇತಗಳಿಂದ ಗುರುತಿಸುವ ಪಟವನ್ನು ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದಿಟ್ಟರು. ಮಾಪಕಗಳ ಸಂಕೇತಗಳಿಗೆ ಅಮೆರಿಕದ ಮಾಪನೋಪಕರಣ ಸಂಘವು ೧೯೪೯ರಲ್ಲಿ ಮೊದಲ ಶಿಫಾರಸನ್ನು ಹೊರಡಿಸಿತು. ಅದು ಹಲವು ಬಾರಿ ಪರಿಷ್ಕೃತವಾಗಿ ಇಂದಿಗೂ ಲೋಕದ ಬಹುಭಾಗದಲ್ಲಿ ಬಳಕೆಯಲ್ಲಿದೆ. ಹೀಗೆ, ನಾವು ಕಪ್ಪು ಹಲಗೆಯ ಮೇಲೆ ನಿಶ್ಚಿಂತೆಯಿಂದ ಎಳೆಯುವ ಗೆರೆಗಳ ಹಿಂದೆ ಒಂದು ಶತಮಾನಕ್ಕೂ ಮೀರಿದ ಚಿಂತನೆ ಇದೆ. ಆ ಚಿಂತನೆ ಹುಟ್ಟಿದ ಸ್ಥಳ ದೊಡ್ಡ ಕಾರ್ಖಾನೆಯೇ ಹೊರತು ತೋಟವಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

೨

ಕಾಫಿಯನ್ನು ನೀರಿನ ವಿಧಾನದಿಂದ ಹದಮಾಡುವ ಪ್ರಕ್ರಿಯೆಗೆ ಪುಸ್ತಕಗಳಲ್ಲಿಯೂ ಗೋಡೆಪಟಗಳಲ್ಲಿಯೂ ಸಾಮಾನ್ಯವಾಗಿ ಕಾಣಸಿಗುವ ನಕ್ಷೆ ಬಹು ಸರಳವಾದುದು. ಮೇಲಿನಿಂದ ಕೆಳಕ್ಕೆ ಆರೋ ಏಳೋ ಚೌಕಗಳು: ಕೊಯ್ದ ಹಣ್ಣು, ನೀರಿನ ತೊಟ್ಟಿಯಲ್ಲಿ ತೇಲುಹಣ್ಣನ್ನು ಬೇರ್ಪಡಿಸುವುದು, ಪಲ್ಪರಿನಲ್ಲಿ ಸಿಪ್ಪೆ ಬಿಡಿಸುವುದು, ತೊಟ್ಟಿಯಲ್ಲಿ ಹುದುಗಿಸುವುದು, ತೊಳೆಯುವುದು, ಕಣದಲ್ಲಿ ಒಣಗಿಸುವುದು, ಕಡೆಗೆ ಪಾರ್ಚ್‌ಮೆಂಟು. ಚೌಕದಿಂದ ಚೌಕಕ್ಕೆ ಒಂದು ಬಾಣ. ಎರಡನೆಯ, ಮೂರನೆಯ ಮತ್ತು ಐದನೆಯ ಚೌಕಗಳಿಗೆ ಎಡಗಡೆಯಿಂದ ನೀರು ಎಂಬ ಬಾಣ ಬಂದು ಸೇರುತ್ತದೆ. ಕೆಲವು ನಕ್ಷೆಗಳಲ್ಲಿ ಬಲಗಡೆಗೆ ತ್ಯಾಜ್ಯ ಎಂಬ ಮತ್ತೊಂದು ಬಾಣ ಹೊರಟು ಕಾಗದದ ಅಂಚಿನ ಕಡೆಗೆ ಹೋಗಿ ನಿಂತುಬಿಡುತ್ತದೆ.

ಈ ನಕ್ಷೆಯ ಗುಣವನ್ನು ಮೊದಲು ಹೇಳಬೇಕು. ದೋಷವನ್ನೇ ಹುಡುಕುವುದು ವಿಮರ್ಶೆಯಲ್ಲ. ಕಾಫಿಯ ಹದವನ್ನು ತೋಟದ ಗುಟ್ಟೆಂದೂ ಹಿರಿಯರ ಕೈಗುಣವೆಂದೂ ಭಾವಿಸಿದ್ದವರಿಗೆ ಅದೂ ಇತರ ಪ್ರಕ್ರಿಯೆಗಳಂತೆ ಒಂದು ಪ್ರಕ್ರಿಯೆಯೆಂದು ಈ ನಕ್ಷೆ ತಿಳಿಸಿಕೊಡುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ, ಚರ್ಮ ಹದಮಾಡುವಲ್ಲಿ, ಕಾಗದದ ಗಿರಣಿಯಲ್ಲಿ ತೊಳೆಯುವಿಕೆಗೆ ಅನ್ವಯಿಸುವ ನಿಯಮವೇ ಪಾರ್ಚ್‌ಮೆಂಟಿನ ತೊಳೆಯುವಿಕೆಗೂ ಅನ್ವಯಿಸುತ್ತದೆಂದು ವಿದ್ಯಾರ್ಥಿಗೆ ಹೊಳೆಯುವುದು ಇದರಿಂದಲೇ. ಒಂದೇ ಸಲಕ್ಕೆ ಹೆಚ್ಚು ನೀರು ಸುರಿಯುವುದಕ್ಕಿಂತ ಅದೇ ನೀರನ್ನು ಹಲವು ಬಾರಿಗೆ ಹಂಚಿ ತೊಳೆಯುವುದು ಮೇಲು ಎಂಬ ತತ್ತ್ವ ಅವನಿಗೆ ತರಗತಿಯಲ್ಲಿ ಗೊತ್ತಿರುತ್ತದೆ. ನಕ್ಷೆ ಅದನ್ನು ಪಲ್ಪರ್ ಮನೆಗೆ ಕೊಂಡೊಯ್ಯುತ್ತದೆ. ೧೯೨೫ರಲ್ಲಿ ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನ ಪ್ರದೇಶದಲ್ಲಿ ಕಾಫಿ ಸಂಶೋಧನೆಯನ್ನು ಆರಂಭಿಸಿದಂದಿನಿಂದ ಶಾಸ್ತ್ರಕ್ಕೂ ತೋಟಕ್ಕೂ ನಡುವೆ ಬೆಳೆದುಬಂದ ಮಾತುಕತೆಗೆ ಇಂತಹ ನಕ್ಷೆಗಳು ತಕ್ಕಮಟ್ಟಿಗೆ ನೆರವಾಗಿವೆ. ಇದು ಸಣ್ಣ ಉಪಕಾರವಲ್ಲ.

ಆದರೂ ಒಂದು ಕೃತಿಯನ್ನು ಅದು ಹೇಳಿದ್ದರಿಂದ ಮಾತ್ರವಲ್ಲ, ಹೇಳದೆ ಬಿಟ್ಟದ್ದರಿಂದಲೂ ಅಳೆಯಬೇಕಾಗುತ್ತದೆ. ಈ ನಕ್ಷೆಯನ್ನು ಕಾಲ, ಪ್ರಮಾಣ, ಮಾಪನ, ಸೀಮೆ ಎಂಬ ನಾಲ್ಕು ದೃಷ್ಟಿಗಳಿಂದ ಪರೀಕ್ಷಿಸೋಣ.

೩

ಮೊದಲನೆಯದು ಕಾಲ. ನಕ್ಷೆಯ ಚೌಕಗಳೆಲ್ಲ ಒಂದೇ ಅಳತೆಯವು. ಪಲ್ಪರಿನ ಮೂಲಕ ಹಣ್ಣು ಹಾಯಲು ಬೇಕಾದುದು ಕೆಲವು ಕ್ಷಣ. ಅರೇಬಿಕಾ ಬೀಜದ ಮೇಲಿನ ಲೋಳೆ ಹುದುಗಿ ಕಳಚಲು ಸಾಮಾನ್ಯವಾಗಿ ೨೪ರಿಂದ ೩೬ ಗಂಟೆ. ಚಳಿ ಹೆಚ್ಚಾದರೆ ಇನ್ನೂ ಹೆಚ್ಚು. ರೊಬಸ್ಟಾದ ಲೋಳೆ ಇನ್ನಷ್ಟು ದಪ್ಪವಾದುದರಿಂದ ಅದರ ಅವಧಿ ಮತ್ತೂ ದೀರ್ಘ. ಬಿಸಿಲಿನ ಕಣದಲ್ಲಿ ಪಾರ್ಚ್‌ಮೆಂಟು ಒಣಗಲು ಒಂದು ವಾರದಿಂದ ಹತ್ತು ದಿನ. ಕ್ಷಣವೂ ವಾರವೂ ಸಮಾನ ಗಾತ್ರದ ಚೌಕಗಳಲ್ಲಿ ಕುಳಿತಾಗ ಓದುವವನ ಮನಸ್ಸಿನಲ್ಲಿ ಅವು ಸಮಾನವಾಗಿಯೇ ಮೂಡುತ್ತವೆ. ವಾಸ್ತವದಲ್ಲಿ ತೋಟದ ಕಷ್ಟವೆಲ್ಲ ಇರುವುದು ಈ ಅಸಮಾನತೆಯಲ್ಲಿಯೇ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕಬೇಕು, ತಡಮಾಡಿದರೆ ರಾಶಿಯಲ್ಲಿಯೇ ಹುದುಗು ಆರಂಭವಾಗುತ್ತದೆ; ಆದರೆ ನಿನ್ನೆಯ ತೊಟ್ಟಿ ಇನ್ನೂ ಖಾಲಿಯಾಗಿರುವುದಿಲ್ಲ; ಮೊನ್ನೆಯದು ಕಣದ ತುಂಬ ಹರಡಿಕೊಂಡಿರುತ್ತದೆ; ಆಗ ಮೋಡ ಕವಿದರೆ ಹಿಂದಿನ ಚೌಕಗಳೆಲ್ಲ ಒಮ್ಮೆಗೇ ಕಟ್ಟಿಕೊಳ್ಳುತ್ತವೆ. ಸುಗ್ಗಿಯಲ್ಲಿ ಅಕಾಲ ಮಳೆ ಬಂದ ವರ್ಷ ಮೂಡಿಗೆರೆಯ ಕಡೆಯ ಯಾವ ಬೆಳೆಗಾರನನ್ನು ಕೇಳಿದರೂ ಈ ಮಾತು ತಿಳಿಯುತ್ತದೆ. ನಕ್ಷೆಯನ್ನು ಕೇಳಿದರೆ ತಿಳಿಯುವುದಿಲ್ಲ.

ಇಲ್ಲಿ ಒಂದು ಹೋಲಿಕೆ ಉಪಯುಕ್ತವಾದುದು. ಗಿಲ್ಬ್ರೆತ್ ದಂಪತಿಗಳ ಪರಂಪರೆಯಲ್ಲಿ ಬಂದು ೧೯೪೭ರಲ್ಲಿ ಸ್ಥಿರಗೊಂಡ ಕೆಲಸದ ಪಟದಲ್ಲಿ ಐದು ಸಂಕೇತಗಳಿವೆ: ಕ್ರಿಯೆ, ಸಾಗಣೆ, ತಪಾಸಣೆ, ದಾಸ್ತಾನು ಮತ್ತು ವಿಳಂಬ. ಕಾಯುವುದಕ್ಕೂ ಅಲ್ಲಿ ಒಂದು ಅಕ್ಷರವುಂಟು. ಎಡೆಬಿಡದೆ ಹರಿಯುವ ಎಣ್ಣೆ, ಆಮ್ಲ, ಅನಿಲಗಳನ್ನು ಕಣ್ಮುಂದೆ ಇಟ್ಟುಕೊಂಡು ಬೆಳೆದ ರಾಸಾಯನಿಕ ನಕ್ಷೆಗೆ ಕಾಯುವಿಕೆಯ ಸಂಕೇತ ಬೇಕೆನಿಸಲಿಲ್ಲ. ಆ ಲಿಪಿಯನ್ನು ನಾವು ಕಂತುಕಂತಾಗಿ ನಡೆಯುವ, ಹವೆಯನ್ನು ನಂಬಿರುವ ಪ್ರಕ್ರಿಯೆಗೆ ಹಾಗೆಯೇ ತೊಡಿಸಿದ್ದೇವೆ. ಅಂಗಿ ಚೆನ್ನಾಗಿಯೇ ಇದೆ. ಆದರೆ ಇನ್ನೊಬ್ಬನ ಅಳತೆಗೆ ಹೊಲಿದದ್ದು.

ಎರಡನೆಯದು ಪ್ರಮಾಣ. ಒಂದು ಕಿಲೋಗ್ರಾಂ ಶುದ್ಧ ಬೀಜಕ್ಕೆ ಸುಮಾರು ೫ರಿಂದ ೬ ಕಿಲೋಗ್ರಾಂ ಮಾಗಿದ ಹಣ್ಣು ಬೇಕು. ಹಣ್ಣಿನ ತೂಕದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಬರಿಯ ಸಿಪ್ಪೆ. ಹಳೆಯ ಪದ್ಧತಿಯಲ್ಲಿ ಬಳಕೆಯಾಗುವ ನೀರಿನ ತೂಕವಾದರೋ ಹಣ್ಣಿನ ತೂಕಕ್ಕೂ ಹಲವು ಪಟ್ಟು. ಅಂದ ಮೇಲೆ ತೂಕವನ್ನೇ ಆಧಾರವಾಗಿಟ್ಟುಕೊಂಡು ಗೆರೆಗಳ ದಪ್ಪವನ್ನು ನಿಶ್ಚಯಿಸಿದರೆ ಈ ನಕ್ಷೆಯಲ್ಲಿ ಅತ್ಯಂತ ದಪ್ಪವಾದ ಗೆರೆ ನೀರಿನದು, ಅನಂತರ ಸಿಪ್ಪೆಯದು, ಪಾರ್ಚ್‌ಮೆಂಟಿನದು ಕೂದಲೆಳೆಯಷ್ಟು. ನಾವು ಬರೆಯುವ ನಕ್ಷೆಯಲ್ಲಿ ಪಾರ್ಚ್‌ಮೆಂಟಿನ ಗೆರೆ ನಡುವೆ ನೆಟ್ಟಗೆ ಇಳಿಯುತ್ತದೆ. ಉಳಿದವು ಪಕ್ಕದ ಕೊಂಬೆಗಳಾಗಿವೆ. ಬೆಲೆಯ ದೃಷ್ಟಿಯಿಂದ ಇದು ಸರಿ; ಪದಾರ್ಥದ ದೃಷ್ಟಿಯಿಂದ ತಲೆಕೆಳಗು. ರಸಾಯನ ಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠ ದ್ರವ್ಯನಿತ್ಯತೆಯ ನಿಯಮ. ಹೊಕ್ಕದ್ದಕ್ಕೂ ಹೊರಟದ್ದಕ್ಕೂ ಲೆಕ್ಕ ತಾಳೆಯಾಗಬೇಕೆಂದು ಕಲಿಸಿದ ನಾವೇ ಲೆಕ್ಕವಿಲ್ಲದ ನಕ್ಷೆಗೆ ಪೂರ್ಣಾಂಕ ಕೊಡುತ್ತಿದ್ದೇವೆ.

೪

ಮೂರನೆಯದಾದ ಮಾಪನವು ಈ ವಿಮರ್ಶೆಯ ಹೃದಯ. ಕಾಫಿಯ ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಮಾಪಕವನ್ನೂ ಗುರುತಿಸಿರುವುದಿಲ್ಲ. ಅದನ್ನು ನೋಡಿದ ವಿದ್ಯಾರ್ಥಿಯು ತೋಟದಲ್ಲಿ ಏನನ್ನೂ ಅಳೆಯುವುದಿಲ್ಲವೆಂದು ತೀರ್ಮಾನಿಸಿದರೆ ಅವನದು ತಪ್ಪಲ್ಲ. ಆದರೆ ಆ ತೀರ್ಮಾನ ನಿಜವೇ?

ಹುದುಗು ತೊಟ್ಟಿಯ ಬಳಿ ಅನುಭವಸ್ಥನಾದ ಮೇಸ್ತ್ರಿ ಮಾಡುವುದನ್ನು ಗಮನಿಸೋಣ. ಅವನು ಬೀಜವನ್ನು ಹಿಡಿ ತುಂಬ ತೆಗೆದು, ನೀರಿನಲ್ಲಿ ತೊಳೆದು, ಅಂಗೈಯಲ್ಲಿ ಉಜ್ಜಿ ನೋಡುತ್ತಾನೆ. ಲೋಳೆ ಉಳಿದಿದ್ದರೆ ಬೀಜ ಜಾರುತ್ತದೆ. ಕಳಚಿದ್ದರೆ ಸಣ್ಣ ಬೆಣಚುಕಲ್ಲುಗಳಂತೆ ಒರಟಾಗಿ ಸದ್ದು ಮಾಡುತ್ತದೆ. ಇಲ್ಲವೇ ಒಂದು ಕೋಲನ್ನು ರಾಶಿಗೆ ಚುಚ್ಚಿ ತೆಗೆಯುತ್ತಾನೆ. ತೂತು ಮುಚ್ಚಿಕೊಳ್ಳದೆ ಹಾಗೆಯೇ ನಿಂತರೆ ಹುದುಗು ಮುಗಿಯಿತೆಂದು ಅರ್ಥ. ಇದು ಊಹೆಯಲ್ಲ, ಮಾಪನ. ಲೋಳೆಯ ಪೆಕ್ಟಿನ್ ಅಂಶವು ಕಿಣ್ವಗಳಿಂದಲೂ ಸೂಕ್ಷ್ಮಜೀವಿಗಳಿಂದಲೂ ಒಡೆದುಹೋಗಿ, ಬೀಜಗಳ ನಡುವಿನ ಜಾರುವಿಕೆ ಅಳಿದು ಘರ್ಷಣೆ ಹೆಚ್ಚಿದೆ ಎಂಬುದನ್ನು ಅಂಗೈಯೂ ಕೋಲೂ ಓದುತ್ತಿವೆ. ಓದಿನ ಮೇಲೆ ನಿರ್ಧಾರ ನಿಂತಿದೆ: ಬೇಗ ತೊಳೆದರೆ ಲೋಳೆ ಉಳಿದು ಒಣಗುವಾಗ ಬೂಷ್ಟು ಹಿಡಿಯುವ ಭಯ, ತಡವಾದರೆ ಹುಳಿವಾಸನೆ ಬೀಜಕ್ಕೇ ಇಳಿದು ಕಾಫಿಯ ರುಚಿ ಕೆಡುತ್ತದೆ. ಮಾಪಕವಿದೆ, ಓದುವಿಕೆಯಿದೆ, ಅದಕ್ಕನುಗುಣವಾದ ನಿಯಂತ್ರಣವಿದೆ. ನಿಯಂತ್ರಣದ ಆವರ್ತ ಎಂದು ನಾವು ಪಾಠ ಹೇಳುವುದು ಇದಕ್ಕೇ ಅಲ್ಲವೇ?

ಕಣದ ವಿಷಯವೂ ಹೀಗೆಯೇ. ಪಾರ್ಚ್‌ಮೆಂಟಿನ ತೇವ ನೂರಕ್ಕೆ ಸುಮಾರು ೧೦ಕ್ಕೆ ಇಳಿಯಬೇಕು. ಅದನ್ನು ತಿಳಿಯಲು ತೇವಮಾಪಕ ಯಂತ್ರಗಳು ಇಂದು ಉಂಟು. ನಿಶ್ಚಿತ ಗಾತ್ರದ ಅಳತೆಪಾತ್ರೆಯನ್ನು ತುಂಬಿ ತೂಗಿ ನೋಡುವ ಕ್ರಮವೂ ಉಂಟು. ಅವೆರಡಕ್ಕೂ ಮುಂಚೆ ಹಲ್ಲಿನಿಂದ ಕಚ್ಚಿ ನೋಡುವ, ಉಗುರಿನಿಂದ ಒತ್ತಿ ನೋಡುವ, ಹಿಡಿಯಲ್ಲಿ ಕುಲುಕಿ ಸದ್ದು ಕೇಳುವ ಪರೀಕ್ಷೆಗಳಿದ್ದವು, ಈಗಲೂ ಬಿಟ್ಟುಹೋಗಿಲ್ಲ. ಚಿಕ್ಕಮಗಳೂರಿನ ಕಾಫಿ ಸಂಸ್ಕರಣ ಕೇಂದ್ರಗಳಲ್ಲಿ ಸಾಲಾಗಿ ಕುಳಿತು ಕಪ್ಪು ಬೀಜ, ಮುರುಕು ಬೀಜಗಳನ್ನು ಆರಿಸುತ್ತಿದ್ದ ಹೆಂಗಸರ ಕಣ್ಣು ಇನ್ನೊಂದು ಮಾಪಕ. ಇಲ್ಲಿ ಒಂದು ವಿಚಿತ್ರ ಗಮನಾರ್ಹವಾಗಿದೆ. ಅದೇ ಕೆಲಸಕ್ಕೆ ಬಣ್ಣ ಗುರುತಿಸುವ ವಿದ್ಯುದ್ಯಂತ ಬಂದೊಡನೆ ನಕ್ಷೆಯಲ್ಲಿ ಅದಕ್ಕೊಂದು ಪ್ರತ್ಯೇಕ ಚೌಕ ದೊರೆಯಿತು, ಅದರ ಸಾಮರ್ಥ್ಯ ಗಂಟೆಗೆ ಇಷ್ಟೆಂದು ಬರೆಯಲಾಯಿತು. ಕೆಲಸ ಹಳೆಯದೇ, ತೀರ್ಪೂ ಹಳೆಯದೇ. ಆದರೆ ತೀರ್ಪುಗಾರನು ಯಂತ್ರವಾದ ಮೇಲೆ ಮಾತ್ರ ಮಾಪಕವೆನಿಸಿಕೊಂಡನು.

ಸಂಕೇತಗಳ ವ್ಯಾಕರಣವನ್ನೇ ತೆರೆದು ನೋಡಿದರೆ ಈ ಪಕ್ಷಪಾತ ಎಲ್ಲಿ ಅಡಗಿದೆಯೆಂದು ತಿಳಿಯುತ್ತದೆ. ಮಾಪಕವನ್ನು ವೃತ್ತದಿಂದ ಸೂಚಿಸುತ್ತಾರೆ. ಬರಿಯ ವೃತ್ತವಾದರೆ ಮಾಪಕವು ಪ್ರಕ್ರಿಯೆಯ ಸ್ಥಳದಲ್ಲಿಯೇ ಇದೆ. ನಡುವೆ ಅಡ್ಡಗೆರೆ ಇದ್ದರೆ ನಿಯಂತ್ರಣ ಕೊಠಡಿಯ ಫಲಕದ ಮೇಲಿದೆ. ವೃತ್ತದೊಳಗಿನ ಮೊದಲ ಅಕ್ಷರ ಏನನ್ನು ಅಳೆಯುತ್ತಿದೆ ಎಂಬುದನ್ನು ಹೇಳುತ್ತದೆ: ಟಿ ಎಂದರೆ ಉಷ್ಣತೆ, ಪಿ ಎಂದರೆ ಒತ್ತಡ, ಎಫ್ ಎಂದರೆ ಹರಿವು, ಎಲ್ ಎಂದರೆ ಮಟ್ಟ, ಕೆ ಎಂದರೆ ಕಾಲ. ಮುಂದಿನ ಅಕ್ಷರಗಳು ಆ ಮಾಪಕ ತೋರಿಸುತ್ತದೆಯೋ, ದಾಖಲಿಸುತ್ತದೆಯೋ, ನಿಯಂತ್ರಿಸುತ್ತದೆಯೋ ಎಂಬುದನ್ನು ತಿಳಿಸುತ್ತವೆ. ಈ ವರ್ಣಮಾಲೆಯಲ್ಲಿ ಎಚ್ ಎಂಬ ಅಕ್ಷರವೂ ಉಂಟು. ಅದರ ಅರ್ಥ ಕೈ. ಆದರೆ ಅದು ಕವಾಟ ತಿರುಗಿಸುವ ಕೈ, ಗುಂಡಿ ಒತ್ತುವ ಕೈ, ಆಜ್ಞೆಯನ್ನು ನೆರವೇರಿಸುವ ಕೈ. ಮುಟ್ಟಿ ತಿಳಿಯುವ ಕೈಗೆ, ತೀರ್ಪು ಕೊಡುವ ಕೈಗೆ ಅದರಲ್ಲಿ ಅಕ್ಷರವಿಲ್ಲ. ಕೈ ಕೆಲಸ ಮಾಡಬಲ್ಲುದು, ಅರಿಯಲಾರದು ಎಂಬ ಒಂದು ತತ್ತ್ವವನ್ನೇ ಈ ವರ್ಣಮಾಲೆ ಸದ್ದಿಲ್ಲದೆ ಅಂಗೀಕರಿಸಿದೆ. ಲಿಪಿಯಲ್ಲಿ ಇಲ್ಲದ್ದು ನಕ್ಷೆಗೆ ಬರುವುದಿಲ್ಲ. ನಕ್ಷೆಗೆ ಬಾರದ್ದು ಪಾಠಕ್ಕೆ ಬರುವುದಿಲ್ಲ. ಪಾಠಕ್ಕೆ ಬಾರದ್ದು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಲೋಳೆಯನ್ನು ತಿಕ್ಕಿ ತೆಗೆಯುವ ಯಂತ್ರಗಳು ಬಂದು ಹುದುಗು ತೊಟ್ಟಿಗಳು ಕಡಮೆಯಾಗುತ್ತಿರುವ ಈ ಹೊತ್ತಿನಲ್ಲಿ ಆ ಅಂಗೈಯ ಜ್ಞಾನವನ್ನು ಬರೆದಿಡುವವರು ಯಾರು?

೫

ನಾಲ್ಕನೆಯದು ಸೀಮೆ. ತ್ಯಾಜ್ಯವೆಂಬ ಬಾಣ ಕಾಗದದ ಅಂಚಿನಲ್ಲಿ ನಿಂತಿತೆಂದು ಹೇಳಿದೆವಷ್ಟೆ. ಅಂಚಿನಾಚೆ ಏನಿದೆ? ಮೂಡಿಗೆರೆಯ ಕಡೆಯ ತೋಟವಾದರೆ ಒಂದು ಹಳ್ಳವಿದೆ. ಹಳ್ಳ ಹೇಮಾವತಿಗೆ ಸೇರುತ್ತದೆ. ಕಳಸದ ಕಡೆಯದಾದರೆ ಹಳ್ಳ ಭದ್ರೆಗೆ ಇಳಿಯುತ್ತದೆ. ಭದ್ರೆ ಮುಂದೆ ಬಾಳೆಹೊನ್ನೂರನ್ನು ಹಾಯ್ದು ಲಕ್ಕವಳ್ಳಿಯ ಜಲಾಶಯಕ್ಕೆ ಹೋಗುತ್ತದೆ. ಪಲ್ಪರ್ ಮನೆಯ ನೀರಿನಲ್ಲಿ ಸಕ್ಕರೆಯೂ ಪೆಕ್ಟಿನ್ನೂ ಕರಗಿರುತ್ತವೆ. ಹುದುಗಿನಿಂದ ಅದು ಹುಳಿಯಾಗಿರುತ್ತದೆ. ಇಂತಹ ನೀರನ್ನು ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳಲು ಬೇಕಾಗುವ ಆಮ್ಲಜನಕವನ್ನು ಅಳೆದರೆ ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಗುತ್ತದೆ. ಊರಿನ ಚರಂಡಿ ನೀರಿನದು ಸಾಮಾನ್ಯವಾಗಿ ಕೆಲವು ನೂರು ಮಾತ್ರ. ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ಹಳ್ಳದ ಆಮ್ಲಜನಕವನ್ನು ಅದು ಕಸಿದುಕೊಳ್ಳುತ್ತದೆ. ಮೀನು ಸಾಯುತ್ತದೆ, ನೀರು ನಾರುತ್ತದೆ. ಅದೂ ಯಾವ ಕಾಲದಲ್ಲಿ? ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೆ. ಮಳೆಗಾಲ ಮುಗಿದು ಹಳ್ಳಗಳು ದಿನದಿನಕ್ಕೆ ಸೊರಗುವ ತಿಂಗಳುಗಳಿವು. ತ್ಯಾಜ್ಯ ಹೆಚ್ಚುವುದೂ ಅದನ್ನು ತಾಳುವ ನೀರು ಕುಗ್ಗುವುದೂ ಏಕಕಾಲದಲ್ಲಿ. ೧೯೭೪ರ ಜಲಮಾಲಿನ್ಯ ಶಾಸನದ ಅನಂತರ ಸುಣ್ಣದಿಂದ ಹುಳಿ ತೆಗೆದು, ಹೊಂಡಗಳಲ್ಲಿ ನಿಲ್ಲಿಸಿ, ಸಂಸ್ಕರಿಸುವ ಹೊಣೆ ಬೆಳೆಗಾರರ ಮೇಲೆ ಬಂದಿದೆ. ಕಡಮೆ ನೀರಿನ ಯಂತ್ರಗಳೂ ಬಂದಿವೆ. ಆದರೂ ನಮ್ಮ ಪಾಠದ ನಕ್ಷೆಯಲ್ಲಿ ಬಾಣ ಇಂದಿಗೂ ಅಂಚಿನಲ್ಲಿಯೇ ನಿಂತಿದೆ.

ಇದು ಸಣ್ಣ ತೋಟದ ಸರಳ ನಕ್ಷೆಯ ದೋಷ, ದೊಡ್ಡ ಕಾರ್ಖಾನೆಯ ಪೂರ್ಣ ನಕ್ಷೆಯಲ್ಲಿ ಹೀಗಾಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವಾಗಿ ಎರಡನೆಯ ಉದಾಹರಣೆ. ೧೯೭೬ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣ ಅದಿರು ಸಂಸ್ಥೆಯ ಕಾರ್ಖಾನೆಯಲ್ಲಿ ಮ್ಯಾಗ್ನಟೈಟ್ ಅದಿರನ್ನು ನುಣ್ಣಗೆ ಅರೆದು, ಸಾರವನ್ನು ಬೇರ್ಪಡಿಸಿ, ನೀರಿನೊಡನೆ ಕೆಸರಾಗಿ ಕಲಸಿ, ಸುಮಾರು ೬೭ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಇಂತಹ ಕೊಳವೆಗೆ ಮಾಪಕಗಳು ಅಲಂಕಾರವಲ್ಲ, ಪ್ರಾಣ. ವೇಗ ಕುಗ್ಗಿದರೆ ಅದಿರಿನ ಕಣ ತಳಕ್ಕಿಳಿದು ಕೊಳವೆ ಕಟ್ಟಿಕೊಳ್ಳುತ್ತದೆ. ಮಿತಿಮೀರಿದರೆ ಕೊಳವೆಯ ಒಳಮೈ ಸವೆಯುತ್ತದೆ. ಆದ್ದರಿಂದ ಹರಿವು, ಸಾಂದ್ರತೆ, ಒತ್ತಡ ಮೂರನ್ನೂ ಸದಾ ಕಾಯಬೇಕು. ಈ ಬಗೆಯ ಪ್ರಕ್ರಿಯೆಯ ನಕ್ಷೆಯಲ್ಲಿ ವೃತ್ತಗಳಿಗೆ ಕೊರತೆಯಿರುವುದಿಲ್ಲ. ಕಾಫಿಯ ನಕ್ಷೆಯಲ್ಲಿ ಕಾಣದ ಕಾಲ, ಪ್ರಮಾಣ, ಮಾಪನಗಳೆಲ್ಲ ಇಲ್ಲಿ ಅಂಕಿಗಳಾಗಿ ನಿಂತಿರುತ್ತವೆ.

ಹಾಗಾದರೆ ಸೀಮೆ? ವಿನ್ಯಾಸದ ಪ್ರಕಾರ ವರ್ಷಕ್ಕೆ ೨೨೫ ಲಕ್ಷ ಟನ್ ಅದಿರಿನಿಂದ ೭೫ ಲಕ್ಷ ಟನ್ ಸಾರ ದೊರೆಯಬೇಕು. ಕಳೆದು ನೋಡಿದರೆ ಉಳಿದ ೧೫೦ ಲಕ್ಷ ಟನ್, ಅಂದರೆ ಮೂರರಲ್ಲಿ ಎರಡು ಪಾಲು, ಹುಡಿಯಾಗಿ ಹೊರಬೀಳಬೇಕು. ಆ ಹುಡಿಗಾಗಿಯೇ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಲಾಯಿತು. ನಕ್ಷೆಯ ಭಾಷೆಯಲ್ಲಿ ಆ ಕಣಿವೆ ಒಂದು ಸಂಗ್ರಹ ಪಾತ್ರೆ. ಅದರೊಳಕ್ಕೆ ಒಂದು ಬಾಣ ಹೋಗುತ್ತದೆ, ಪ್ರಕ್ರಿಯೆ ಅಲ್ಲಿಗೆ ಮುಗಿಯುತ್ತದೆ. ಆದರೆ ಅಗೆದ ಬೆಟ್ಟದ ಮೇಲೆ ಬೀಳುವ ಮಳೆಯನ್ನು ನಕ್ಷೆಯ ಯಾವ ಗೆರೆಯೂ ಹೇಳುವುದಿಲ್ಲ. ಭಾರತದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ಅಲ್ಲಿ ಮಳೆನೀರು ಬೆತ್ತಲೆಯಾದ ಮಣ್ಣನ್ನು ಭದ್ರೆಗೆ ಕೊಂಡೊಯ್ಯುತ್ತದೆ ಎಂಬುದು ಅನಂತರದ ವಾದವಿವಾದಗಳ ಮುಖ್ಯ ಅಂಶವಾಯಿತು. ಸುತ್ತಣ ಅರಣ್ಯ ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಕೊಟ್ಟ ತೀರ್ಪಿನಂತೆ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತಿತು. ಕೊಳವೆಯೊಳಗಿನ ಪ್ರತಿ ಲೀಟರ್ ಕೆಸರನ್ನೂ ಕಾಯುವ ವೃತ್ತಗಳಿರುವ ನಕ್ಷೆಯಲ್ಲಿ ಹೊಳೆಯನ್ನು ಕಾಯುವ ವೃತ್ತಕ್ಕೆ ಸ್ಥಳವಿರುವುದಿಲ್ಲ. ಆದುದರಿಂದ ನಕ್ಷೆಯ ಪೂರ್ಣತೆಗೂ ಅದರ ಸೀಮೆಗೂ ಸಂಬಂಧವಿಲ್ಲವೆಂದು ತಿಳಿಯುತ್ತದೆ. ಸೀಮೆಯನ್ನು ಎಲ್ಲಿ ಎಳೆಯಬೇಕೆಂಬುದು ಶಾಸ್ತ್ರದ ತೀರ್ಮಾನವಲ್ಲ, ಬರೆಯುವವನ ತೀರ್ಮಾನ. ಕಾರ್ಖಾನೆಯ ಗುತ್ತಿಗೆ ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಗೆ ನಕ್ಷೆಯೂ ಮುಗಿಯುತ್ತದೆ.

೬

ಇಷ್ಟು ಹೇಳಿದ ಮೇಲೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸದೆ ಬಿಡುವುದು ನ್ಯಾಯವಲ್ಲ. ನಕ್ಷೆಯೆಂದರೆ ಸಂಕ್ಷೇಪ, ಎಲ್ಲವನ್ನೂ ತೋರಿಸುವ ನಕ್ಷೆ ಏನನ್ನೂ ತೋರಿಸದು, ಊರಿನಷ್ಟೇ ದೊಡ್ಡದಾದ ಭೂಪಟದಿಂದ ದಾರಿಹೋಕನಿಗೆ ಏನು ಪ್ರಯೋಜನ ಎಂಬುದು ಮೊದಲ ಆಕ್ಷೇಪ. ಮಾತು ಸರಿಯಾದುದು. ಬಿಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಬಿಟ್ಟದ್ದಕ್ಕೆ ಕಾರಣವಿರಬೇಕು, ಆ ಕಾರಣ ನಕ್ಷೆಯ ಉದ್ದೇಶಕ್ಕೆ ಹೊಂದಬೇಕು ಎಂದಷ್ಟೇ ಹೇಳುತ್ತಿದ್ದೇವೆ. ಪಲ್ಪರ್ ಮನೆ ಕಟ್ಟುವ ಗುತ್ತಿಗೆದಾರನ ನಕ್ಷೆಯಲ್ಲಿ ಭದ್ರಾ ನದಿ ಬೇಕಾಗಿಲ್ಲ. ಪ್ರಕ್ರಿಯೆಯನ್ನು ಅರ್ಥಮಾಡಿಕೊಳ್ಳಲೆಂದು ಕಾಲೇಜಿನಲ್ಲಿ ಬರೆಯಿಸುವ ನಕ್ಷೆಯಲ್ಲಿ ಅದು ಬೇಕು. ಗುತ್ತಿಗೆದಾರನ ನಕ್ಷೆಯನ್ನೇ ವಿದ್ಯಾರ್ಥಿಯ ಪುಸ್ತಕಕ್ಕೆ ಎತ್ತಿಕೊಂಡದ್ದು ನಮ್ಮ ಅಧ್ಯಾಪಕ ವರ್ಗದ ಸೋಮಾರಿತನ.

ಎರಡನೆಯ ಆಕ್ಷೇಪ ಇನ್ನೂ ಬಲವಾದುದು. ಕೈಯ ಓದುವಿಕೆಗೆ ಅಂಕಿಯಿಲ್ಲ. ಒಬ್ಬನ ಅಂಗೈ ಇನ್ನೊಬ್ಬನದಲ್ಲ. ಅದಕ್ಕೆ ವೃತ್ತವೊಂದನ್ನು ಕೊಟ್ಟರೆ ಇಲ್ಲದ ಖಚಿತತೆಯನ್ನು ಆರೋಪಿಸಿದಂತಾಗುವುದಿಲ್ಲವೇ? ಇದನ್ನು ಒಪ್ಪಬೇಕಾಗುತ್ತದೆ. ಆದರೆ ಯಂತ್ರದ ಮಾಪಕವೂ ಆಗಾಗ್ಗೆ ಸರಿಪಡಿಸಿಕೊಳ್ಳದಿದ್ದರೆ ಸುಳ್ಳು ಹೇಳುತ್ತದೆ. ಅದರ ದೋಷಮಿತಿಯನ್ನು ಬರೆದು ಬಳಸುತ್ತೇವೆಯೇ ಹೊರತು ನಕ್ಷೆಯಿಂದ ತೆಗೆದುಹಾಕುವುದಿಲ್ಲ. ಕೈಯನ್ನೂ ಹಾಗೆಯೇ ನಡೆಸಿಕೊಳ್ಳಬೇಕು. ಒಂದೇ ತೊಟ್ಟಿಯ ಬಳಿ ಮೂವರು ಅನುಭವಸ್ಥರು ಬೇರೆಬೇರೆಯಾಗಿ ಹುದುಗು ಮುಗಿದ ಗಳಿಗೆಯನ್ನು ಹೇಳಿದರೆ ಅವರ ನಡುವಣ ಅಂತರವೆಷ್ಟು, ಆ ಗಳಿಗೆಯಲ್ಲಿ ನೀರಿನ ಆಮ್ಲತೆ ಎಷ್ಟಿತ್ತು ಎಂದು ಅಳೆದು ದಾಖಲಿಸುವುದು ಪದವಿ ತರಗತಿಯ ವಿದ್ಯಾರ್ಥಿಗೂ ಸಾಧ್ಯವಾದ ಸಂಶೋಧನೆ. ಬೇಕಾದುದು ಆಮ್ಲತೆಯ ಕಾಗದ, ಉಷ್ಣಮಾಪಕ, ಗಡಿಯಾರ ಮತ್ತು ಮೇಸ್ತ್ರಿಯ ಮಾತನ್ನು ಕೇಳುವ ವಿನಯ.

ಆದುದರಿಂದ ಈ ಪ್ರದೇಶದ ಕಾಲೇಜುಗಳಿಗೆ ನಮ್ಮ ಸೂಚನೆ ಇಷ್ಟು. ಮುದ್ರಿತ ನಕ್ಷೆಯನ್ನು ನಕಲು ಮಾಡಿಸುವುದನ್ನು ನಿಲ್ಲಿಸಿ, ಸುಗ್ಗಿಯ ಕಾಲದಲ್ಲಿ ವಿದ್ಯಾರ್ಥಿಗಳನ್ನು ಒಂದು ತೋಟಕ್ಕೆ ಕಳುಹಿಸಿ, ಅಲ್ಲಿಯೇ ಕುಳಿತು ನಕ್ಷೆ ಬರೆಯಿಸಬೇಕು. ಚೌಕದ ಪಕ್ಕದಲ್ಲಿ ಅದರ ಅವಧಿಯನ್ನು ಬರೆಯಬೇಕು. ಗೆರೆಯ ಮೇಲೆ ತೂಕವನ್ನು ಬರೆದು, ಹೊಕ್ಕದ್ದಕ್ಕೂ ಹೊರಟದ್ದಕ್ಕೂ ತಾಳೆ ನೋಡಬೇಕು. ಎಲ್ಲೆಲ್ಲಿ ಒಬ್ಬ ಮನುಷ್ಯನು ಮುಟ್ಟಿ, ನೋಡಿ, ಮೂಸಿ ನಿರ್ಧರಿಸುತ್ತಾನೆಯೋ ಅಲ್ಲೆಲ್ಲ ಒಂದು ವೃತ್ತವನ್ನು ಬರೆದು ಕೈ ಎಂಬ ಕನ್ನಡ ಅಕ್ಷರವನ್ನೇ ಇಡಬೇಕು. ಮಾನಕ ಸಂಕೇತಾವಳಿಯು ಕೆಲವು ಅಕ್ಷರಗಳನ್ನು ಬಳಕೆದಾರರ ಆಯ್ಕೆಗೆ ಬಿಟ್ಟಿದೆಯಾದುದರಿಂದ ಇದು ಅದರ ಪ್ರವೃತ್ತಿಗೆ ವಿರುದ್ಧವಾದುದೂ ಅಲ್ಲ. ಕಡೆಯದಾಗಿ, ತ್ಯಾಜ್ಯದ ಬಾಣವನ್ನು ಅಂಚಿನಲ್ಲಿ ನಿಲ್ಲಿಸದೆ, ಹೊಂಡದವರೆಗೆ, ಹಳ್ಳದವರೆಗೆ, ಹಳ್ಳದ ಹೆಸರನ್ನು ಕೇಳಿ ತಿಳಿದುಕೊಂಡು ಅದು ಸೇರುವ ಹೊಳೆಯವರೆಗೆ ಕಾಗದಕ್ಕೆ ಕಾಗದ ಅಂಟಿಸಿಯಾದರೂ ಎಳೆಯಬೇಕು.

ಹೀಗೆ ಬರೆದ ನಕ್ಷೆ ಅಂದವಾಗಿರಲಾರದು. ಗೋಡೆಗೆ ತೂಗುಹಾಕಲು ಅನುಕೂಲವಾಗಿಯೂ ಇರಲಾರದು. ಆದರೆ ಅದನ್ನು ಬರೆದ ವಿದ್ಯಾರ್ಥಿಯು ಮುಂದೆ ಎಂದಾದರೂ ಒಂದು ದೊಡ್ಡ ಕಾರ್ಖಾನೆಯ ನಕ್ಷೆಗೆ ಸಹಿ ಹಾಕಬೇಕಾಗಿ ಬಂದಾಗ, ವೃತ್ತಗಳನ್ನು ಎಣಿಸಿ ತೃಪ್ತನಾಗದೆ, ಬಲಗಡೆಯ ಅಂಚಿನಲ್ಲಿ ನಿಂತುಹೋದ ಬಾಣದ ಮೇಲೆ ಬೆರಳಿಟ್ಟು ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಯಾನು. ಆ ಒಂದು ಪ್ರಶ್ನೆಯನ್ನು ಕಲಿಸಿದರೆ ನಮ್ಮ ಪಾಠ ಸಾರ್ಥಕವಾಯಿತೆಂದು ಭಾವಿಸಬಹುದು.